ವಿದ್ಯುತ್ ವ್ಯಾನು: ಯಾರಿಗೆ, ಯಾವ ಕೆಲಸಕ್ಕೆ?

ಏಳು ಮಂದಿ ಸುಖವಾಗಿ ಕುಳಿತು ಪಯಣಿಸಬಹುದಾದ ವಿದ್ಯುತ್ ವ್ಯಾನುಗಳು ಒಂದರ ಹಿಂದೊಂದರಂತೆ ನಮ್ಮ ಪೇಟೆಗೆ ಬಂದಿರುವುವು. ಚೀಣಾ ದೇಶದ ಬಿವೈಡಿ ಕಂಪೆನಿಯವರು 2024ರ ಅಕ್ಟೋಬರಿನಲ್ಲಿ ಇಮ್ಯಾಕ್ಸ್ 7 ಎಂಬುದನ್ನು ಹೊರತಂದರು. 2025ರ ಜುಲೈ ತಿಂಗಳಲ್ಲಿ ಕಿಯಾ ಕಂಪೆನಿಯವರು ಕ್ಯಾರೆನ್ಸ್ ಕ್ಲಾವಿಸ್ ಗಾಡಿಯ ವಿದ್ಯುತ್ ಮಾದರಿಯನ್ನೂ, ಎಂ.ಜಿ. ಕಂಪೆನಿಯವರು ಎಂ 9 ಎಂಬ ವೈಭವದ ಗಾಡಿಯನ್ನೂ ಮಾರಾಟಕ್ಕಿಟ್ಟರು. ಮಾಲೂರಿನ ಅನುಕೂಲಸ್ಥ ಗೃಹಸ್ಥರೂ, ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆದೊಯ್ದು ಜೀವನ ಮಾಡುವ ವ್ಯಾನಿನ ಮಾಲೀಕರೂ ಇವುಗಳಲ್ಲಿ ಯಾವುದು ಉತ್ತಮವೆಂದು ವಿಚಾರಿಸುತ್ತಿರುವರು. ಇಬ್ಬರ ಪ್ರಶ್ನೆಯೂ ಒಂದೇ ಆಗಿ ತೋರಿದರೂ ಉತ್ತರ ಒಂದೇ ಆಗಲಾರದು. ಗಾಡಿಯ ಗುಣವನ್ನು ವಿಚಾರಿಸುವುದಕ್ಕೆ ಮುಂಚೆ, ಅದು ದಿನಕ್ಕೆ ಎಷ್ಟು ದೂರ ಓಡುವುದೆಂಬುದನ್ನು ಕೊಳ್ಳುವವರು ತಾವೇ ಲೆಕ್ಕ ಹಾಕಿಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ.

ಮೊದಲು ಬೆಲೆಯನ್ನು ನೋಡೋಣ. ರಿಜಿಸ್ಟ್ರೇಷನ್, ವಿಮೆಗಳ ವೆಚ್ಚ ಬಿಟ್ಟು, ಹೊರಬಂದಾಗ ಕ್ಲಾವಿಸ್‌ಗೆ 17.99 ಲಕ್ಷದಿಂದ 24.49 ಲಕ್ಷ ರೂಪಾಯಿಯವರೆಗೂ, ಇಮ್ಯಾಕ್ಸ್ 7ಕ್ಕೆ 26.90 ಲಕ್ಷದಿಂದ 29.90 ಲಕ್ಷದವರೆಗೂ, ಎಂ 9ಕ್ಕೆ 69.90 ಲಕ್ಷವೂ ಗೊತ್ತಾಗಿದ್ದಿತು. ಬ್ಯಾಟರಿಯ ಶಕ್ತಿ ಕ್ಲಾವಿಸ್‌ನಲ್ಲಿ 42 ಅಥವಾ 51.4 ಯೂನಿಟ್, ಇಮ್ಯಾಕ್ಸ್‌ನಲ್ಲಿ 55.4 ಅಥವಾ 71.8, ಎಂ 9ರಲ್ಲಿ 90 ಯೂನಿಟ್. ಒಂದು ಸಲ ಚಾರ್ಜು ಮಾಡಿದರೆ ಕ್ಲಾವಿಸ್ 404 ಅಥವಾ 490 ಕಿ.ಮೀ., ಇಮ್ಯಾಕ್ಸ್ 420 ಅಥವಾ 530, ಎಂ 9 ಗಾಡಿ 548 ಕಿ.ಮೀ. ಓಡುವುದೆಂದು ತಯಾರಕರು ಹೇಳುವರು. ಆದರೆ ಈ ಅಂಕಗಳೆಲ್ಲವೂ ಒಂದೇ ಬಗೆಯ ಪರೀಕ್ಷೆಯಿಂದ ಬಂದವಲ್ಲವಾದುದರಿಂದ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೂಗುವುದು ನ್ಯಾಯವಲ್ಲ. ಏಳು ಮಂದಿಯನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಹೆದ್ದಾರಿಯಲ್ಲಿ ವೇಗವಾಗಿ ಓಡುವ ಗಾಡಿಗೆ, ಹೇಳಿದ ದೂರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ನಂಬುವುದು ವಿವೇಕವಲ್ಲ.

ಇನ್ನು ಗೃಹಸ್ಥರ ವಿಷಯ. ಮಾಲೂರಿನಿಂದ ಬೆಂಗಳೂರಿಗೆ ಸುಮಾರು 45 ಕಿ.ಮೀ. ಹೋಗಿ ಬರುವುದಕ್ಕೆ ಮೇಲಿನ ಯಾವ ಗಾಡಿಯಾದರೂ ಸಾಕು. ತಿರುಪತಿಗೆ ಸುಮಾರು 200 ಕಿ.ಮೀ.; ಮೇಲೆ ಘಟ್ಟದ ಏರು ಬೇರೆ. ದರ್ಶನ ಮುಗಿಸಿ ಅದೇ ಚಾರ್ಜಿನಲ್ಲಿ ಮನೆ ಸೇರುವೆವೆಂದು ಹೊರಡುವುದು ಅವಿವೇಕ. ದಾರಿಯಲ್ಲಾಗಲಿ ಬೆಟ್ಟದ ತಪ್ಪಲಲ್ಲಾಗಲಿ ಒಂದು ಗಳಿಗೆ ನಿಲ್ಲಲೇಬೇಕು. ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿ.ಮೀ. ಎಕ್ಸ್‌ಪ್ರೆಸ್ ರಸ್ತೆ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ ನಮ್ಮವರು ವೇಗದ ರುಚಿ ಕಂಡಿರುವರು. ವೇಗ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಬರಿದಾಗುವುದೆಂಬುದನ್ನು ಮರೆಯಕೂಡದು. ಕೊಳ್ಳುವ ಮುನ್ನ ಮನೆಯ ಹಿರಿಯರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಕೂರಿಸಿ ನೋಡಬೇಕು. ಬ್ಯಾಟರಿಯನ್ನು ಅಡಿಯಲ್ಲಿ ಹಾಸಿರುವುದರಿಂದ ಕಾಲಿಡುವ ಸ್ಥಳ ಎತ್ತರವಾಗಿ ಮಂಡಿ ಮೇಲಕ್ಕೇಳುವುದುಂಟು. ಎಂ 9ರ ಸರಿಯುವ ಬಾಗಿಲು ಹಿರಿಯರಿಗೆ ನಿಜವಾದ ಉಪಕಾರ. ಆದರೆ ಆ ಉಪಕಾರದ ಬೆಲೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಒಂದು ಮನೆಯನ್ನೇ ಕಟ್ಟಬಹುದು. ಅಲ್ಲದೆ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡ 10ರ ಆಜೀವ ತೆರಿಗೆಯನ್ನು ನಮ್ಮ ಸರಕಾರದವರು 2024ರಲ್ಲಿ ವಿಧಿಸಿದರು. ಆ ಲೆಕ್ಕದಲ್ಲಿ ಎಂ 9ಕ್ಕೆ ತೆರಿಗೆಯೇ ಏಳು ಲಕ್ಷದ ಸಮೀಪವಾಗುವುದು.

ಈಗ ಓಡುವ ಖರ್ಚಿಗೆ ಬರೋಣ. ಡೀಸೆಲ್ ಗಾಡಿ ಲೀಟರಿಗೆ 15 ಕಿ.ಮೀ. ಓಡುವುದೆಂದೂ, ಲೀಟರಿನ ಬೆಲೆ 90 ರೂಪಾಯಿಯೆಂದೂ ಇಟ್ಟುಕೊಂಡರೆ ಕಿಲೋಮೀಟರಿಗೆ 6 ರೂಪಾಯಿ ಬೀಳುವುದು. ವಿದ್ಯುತ್ ವ್ಯಾನು ಯೂನಿಟ್ಟಿಗೆ ಆರೂವರೆ ಕಿ.ಮೀ. ಓಡಿ, ಮನೆಯಲ್ಲಿ ಯೂನಿಟ್ಟಿಗೆ 8 ರೂಪಾಯಿ ತೆತ್ತರೆ, ಕಿಲೋಮೀಟರಿಗೆ ಒಂದೂಕಾಲು ರೂಪಾಯಿಯೊಳಗೆ ಮುಗಿಯುವುದು. ವರ್ಷಕ್ಕೆ 10,000 ಕಿ.ಮೀ. ಓಡುವ ಮನೆಯ ಗಾಡಿಗೆ ಉಳಿತಾಯ 48,000 ರೂಪಾಯಿಗೆ ಸ್ವಲ್ಪ ಕಡಮೆ. ವಿದ್ಯುತ್ ಗಾಡಿಗಾಗಿ ಐದು ಲಕ್ಷ ಹೆಚ್ಚಾಗಿ ಕೊಟ್ಟಿದ್ದರೆ ಅದು ಹಿಂದಿರುಗುವುದಕ್ಕೆ ಹತ್ತು ವರ್ಷಗಳು ಹಿಡಿಯುವುವು. ದಿನಕ್ಕೆ 120 ಕಿ.ಮೀ.ಯಂತೆ ವರ್ಷಕ್ಕೆ 300 ದಿವಸ ಓಡುವ ಬಾಡಿಗೆ ಗಾಡಿಗಾದರೋ ಉಳಿತಾಯ ಒಂದು ಲಕ್ಷದ ಎಪ್ಪತ್ತು ಸಾವಿರ. ಅದೇ ಐದು ಲಕ್ಷ ಮೂರು ವರ್ಷಗಳಲ್ಲಿ ಕೈಸೇರುವುದು. ಹೀಗೆ, ವಿದ್ಯುತ್ ವ್ಯಾನಿನ ಲಾಭವು ಬಾಗಿಲಲ್ಲಿ ನಿಂತಿರುವ ಗಾಡಿಗಿಂತ ದುಡಿಯುವ ಗಾಡಿಗೇ ಸೇರಿದುದು.

ಈ ದೃಷ್ಟಿಯಿಂದ ನೋಡಿದರೆ ಮಾಲೂರಿನಂತಹ ಸ್ಥಳ ವಿರಳ. ಊರಿನಲ್ಲಿಯೇ ಕೈಗಾರಿಕಾ ಪ್ರದೇಶವಿರುವುದು. ಸುಮಾರು ಇಪ್ಪತ್ತು ಕಿ.ಮೀ. ದೂರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಾರ್ಖಾನೆ ಆರಂಭವಾಯಿತು; ಅಲ್ಲಿನ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಸೇರಿತು. ಹೊತ್ತು ತಪ್ಪದ ಷಿಫ್ಟು, ಬದಲಾಗದ ದಾರಿ, ಮಿತವಾದ ದೂರ, ಎರಡು ಷಿಫ್ಟುಗಳ ನಡುವೆ ಸುಮ್ಮನೆ ನಿಲ್ಲುವ ಅವಕಾಶ, ಇವೆಲ್ಲವೂ ವಿದ್ಯುತ್ ಗಾಡಿಗೆ ಹೇಳಿ ಮಾಡಿಸಿದಂತಿರುವುವು.

ಆದರೂ ವ್ಯಾನಿನ ಮಾಲೀಕರು ಅವಸರದಿಂದ ಸಾಲದ ಕಾಗದಕ್ಕೆ ಸಹಿ ಹಾಕಕೂಡದೆಂದು ನಾವು ಎಚ್ಚರಿಸಬೇಕಾಗಿದೆ. ಮೊದಲನೆಯದಾಗಿ, ಆಸನಗಳ ಸಂಖ್ಯೆ. 1988ರ ಮೋಟಾರು ವಾಹನ ಕಾನೂನಿನಲ್ಲಿ ಚಾಲಕನ ಹೊರತು ಆರು ಪ್ರಯಾಣಿಕರವರೆಗೆ ಕರೆದೊಯ್ಯುವುದು ಮೋಟಾರು ಕ್ಯಾಬು, ಹನ್ನೆರಡು ಮಂದಿಯವರೆಗಿನದು ಮ್ಯಾಕ್ಸಿ ಕ್ಯಾಬು. ನಾವು ಹೆಸರಿಸಿದ ವ್ಯಾನುಗಳೆಲ್ಲವೂ ಆರಕ್ಕೇ ಮುಗಿಯುವುವು. ಹನ್ನೆರಡು ಮಂದಿಯನ್ನು ಕೂರಿಸುವ ಟೆಂಪೋ ಟ್ರಾವೆಲರಿಗೆ ಒಂದು ಸಲದ ಕೆಲಸವಾದುದು ಇವಕ್ಕೆ ಎರಡು ಸಲದ ಕೆಲಸ. ಎರಡನೆಯದು, ಬ್ಯಾಟರಿಯ ಖಾತರಿ. ಎಂಟು ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ಎಂಬುದು ವಾಡಿಕೆಯ ಷರತ್ತು. ವರ್ಷಕ್ಕೆ 36,000 ಕಿ.ಮೀ. ಓಡುವ ಗಾಡಿಗೆ ಇದು ನಾಲ್ಕೂವರೆ ವರ್ಷದೊಳಗೇ ತೀರುವುದು. ಐದು ವರ್ಷದ ಸಾಲ ಆಗಲೂ ಉಳಿದಿರುವುದು. ಬಾಡಿಗೆ ಗಾಡಿಗೂ ಅದೇ ಖಾತರಿ ಉಂಟೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಮೂರನೆಯದು, ಕಂಟ್ರಾಕ್ಟು. ಸಾಲ ಐದು ವರ್ಷಕ್ಕೆ, ಕಂಟ್ರಾಕ್ಟು ಒಂದೇ ವರ್ಷಕ್ಕೆ ಎಂದಾದರೆ, ಕೆಲಸ ನಿಂತ ದಿನ ಗಾಡಿಯೊಡನೆ ಮನೆಯ ಪತ್ರವೂ ಬ್ಯಾಂಕಿನವರ ಪಾಲಾದೀತು. ಹೊಗೆಯಿಲ್ಲದ ಗಾಡಿಯ ಕೀರ್ತಿ ಕಾರ್ಖಾನೆಗೆ, ನಷ್ಟದ ಭಯವೆಲ್ಲವೂ ಬಡ ಮಾಲೀಕನಿಗೆ ಎಂಬುದು ಎಷ್ಟರ ಮಟ್ಟಿಗೆ ನ್ಯಾಯ?

ಸರಕಾರದವರು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಬ್ಯಾಟರಿ ಬಾಡಿಗೆ ವಾಹನಗಳಿಗೆ ರಹದಾರಿ ಬೇಕಿಲ್ಲವೆಂದು ಕೇಂದ್ರ ಸರಕಾರದವರು 2018ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊಟ್ಟಮೊದಲು, 2017ರಲ್ಲಿ, ಸಾರಿದುದು ನಮ್ಮ ಕರ್ನಾಟಕವೇ. ಆದರೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಬಹುಭಾಗ ಬೆಂಗಳೂರು ನಗರವನ್ನೇ ಸೇರಿರುವುವು. ರಾಜಧಾನಿ ಮೊದಲು ಉಣ್ಣಲಿ, ಮಿಕ್ಕುದು ಜಿಲ್ಲೆಗಳಿಗೆ ಎಂಬ ಕ್ರಮ ಕೋಲಾರ ಸೀಮೆಯವರಿಗೆ ಒಪ್ಪುವಂಥದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಮೊದಲು ಬಂದುದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದುದು 1905ರಲ್ಲಿ. 2001ರ ಫೆಬ್ರವರಿಯಲ್ಲಿ ಆ ಗಣಿಗಳು ಮುಚ್ಚಿದುವು. ಅದೇ ವರ್ಷ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿ ತಯಾರಾಗಿ ಹೊರಬಂದಿತು. ಲೋಕವು ಎಚ್ಚರಗೊಳ್ಳುವ ಮುನ್ನವೇ ಈ ವಿದ್ಯೆಗೆ ಕೈಹಾಕಿದ ನಾಡು ಇಂದು ಬ್ಯಾಟರಿಯ ಕೋಶಗಳಿಗಾಗಿ ಬಹುಮಟ್ಟಿಗೆ ಚೀಣಾದ ಕಡೆ ನೋಡಬೇಕಾಗಿದೆ. 2025ರ ಏಪ್ರಿಲಿನಲ್ಲಿ ಆ ದೇಶದವರು ಮೋಟಾರಿಗೆ ಬೇಕಾದ ಅಪರೂಪ ಲೋಹದ ಅಯಸ್ಕಾಂತಗಳ ರಫ್ತನ್ನು ಬಿಗಿಹಿಡಿದಾಗ ನಮ್ಮ ತಯಾರಕರು ಪಟ್ಟ ಪಾಡು ಮರೆಯತಕ್ಕದ್ದಲ್ಲ.

ಆದುದರಿಂದ ಗೃಹಸ್ಥರಿಗೆ ನಮ್ಮ ಸೂಚನೆಯಿಷ್ಟು: ನಿತ್ಯವೂ ಬೆಂಗಳೂರಿಗೆ ಓಡಾಟವಿದ್ದು, ಮನೆಯಲ್ಲಿ ಗಾಡಿ ನಿಲ್ಲಿಸಿ ಚಾರ್ಜು ಮಾಡುವ ಸ್ಥಳವಿದ್ದರೆ ಸಾಧಾರಣ ಬೆಲೆಯ ವಿದ್ಯುತ್ ವ್ಯಾನನ್ನು ಧೈರ್ಯವಾಗಿ ಕೊಳ್ಳಬಹುದು, ವರ್ಷಕ್ಕೆರಡು ಯಾತ್ರೆಗೆಂದೇ ಕೊಳ್ಳುವುದಾದರೆ ಬಾಡಿಗೆ ಗಾಡಿಯೇ ಮೇಲು. ವ್ಯಾನಿನ ಮಾಲೀಕರು ಸಾಲದ ಅವಧಿಗೆ ಸಮನಾದ ಕಂಟ್ರಾಕ್ಟು ಕೈಸೇರುವವರೆಗೆ ತಾಳಬೇಕು. ಕಾರ್ಖಾನೆಯವರು ಅಂತಹ ಕಂಟ್ರಾಕ್ಟನ್ನೂ, ತಮ್ಮ ಅಂಗಳದಲ್ಲಿ ಚಾರ್ಜು ಮಾಡಿಕೊಳ್ಳುವ ಅನುಕೂಲವನ್ನೂ ಕೊಡತಕ್ಕದ್ದು. ಬೆಸ್ಕಾಂ ಅಧಿಕಾರಿಗಳು ಮಾಲೂರಿನ ರೈಲ್ವೆ ನಿಲ್ದಾಣದ ಬಳಿಯೂ ಬಸ್ ನಿಲ್ದಾಣದ ಬಳಿಯೂ ಬಾಡಿಗೆ ವ್ಯಾನುಗಳಿಗೆ ಸಾಕಾಗುವಷ್ಟು ಚಾರ್ಜಿಂಗ್ ಏರ್ಪಾಡನ್ನು ತಡಮಾಡದೆ ಮಾಡಬೇಕು. ಇಷ್ಟಾದರೆ ಯಾವ ವ್ಯಾನು ಉತ್ತಮವೆಂಬ ಪ್ರಶ್ನೆಗೆ ನಮ್ಮ ಚಾಲಕರು ತಾವೇ ಉತ್ತರ ಹೇಳಿಯಾರು. ಸಂಬಂಧಪಟ್ಟವರು ಈ ವಿಷಯದಲ್ಲಿ ಶೀಘ್ರವಾಗಿ ಗಮನ ಕೊಡುವರೆಂದು ನಂಬಿರುವೆವು.