ರೀಗೆಲ್‌ನ ಮಿಡಿತ ಹೇಳುವ ಹಳೆಯ ಕಥೆ

ಫೆಬ್ರವರಿಯ ಸಂಜೆ ಮಹಾವ್ಯಾಧ ನಡುಬಾನಿಗೆ ಬಂದಾಗ ಎರಡು ನಕ್ಷತ್ರಗಳು ಎದ್ದು ಕಾಣುತ್ತವೆ: ಹೆಗಲಲ್ಲಿ ಕೆಂಪು ಆರ್ದ್ರಾ, ಪಾದದಲ್ಲಿ ನೀಲಿಬಿಳುಪಿನ ರೀಗೆಲ್. ರೀಗೆಲ್‌ನಂಥ ನೀಲಿ ಮಹಾದೈತ್ಯಗಳಲ್ಲಿ ಕೆಲವಾದರೂ ಹಿಂದೊಮ್ಮೆ ಆರ್ದ್ರೆಯಂತೆ ಕೆಂಪಾಗಿ ಊದಿಕೊಂಡಿದ್ದವು, ಮೈದ್ರವ್ಯ ಕಳೆದುಕೊಂಡು ಮತ್ತೆ ನೀಲಿಗೆ ತಿರುಗಿದವು ಎಂಬುದು ನನ್ನ ನಿಲುವು. ಒಪ್ಪದವರ ನಾಲ್ಕು ಆಕ್ಷೇಪಗಳಿಗೆ ಇಲ್ಲಿ ಉತ್ತರವಿದೆ.

‘ನೀಲಿ ಬಣ್ಣವೇ ಎಳೆವಯಸ್ಸಿನ ಗುರುತು, ಕೆಂಪಾಗುವ ಸರದಿ ಇನ್ನು ಮುಂದೆ’ ಎನ್ನುತ್ತಾರೆ. ಬಣ್ಣ ತಿಳಿಸುವುದು ಮೇಲ್ಮೈಯ ಶಾಖವನ್ನು, ವಯಸ್ಸನ್ನಲ್ಲ. ರೀಗೆಲ್‌ನ ಮೇಲ್ಮೈ ಸುಮಾರು 12,000 ಕೆಲ್ವಿನ್, ಆರ್ದ್ರೆಯದು ಸುಮಾರು 3,500. ಹೈಡ್ರೋಜನ್ ಹೊದಿಕೆ ಊದಿದರೆ ನಕ್ಷತ್ರ ತಣಿದು ಕೆಂಪಾಗುತ್ತದೆ. ಆ ಹೊದಿಕೆಯ ಬಹುಪಾಲು ಗಾಳಿಯಾಗಿ ಹಾರಿಹೋದರೆ ಉಳಿದದ್ದು ಕುಗ್ಗಿ ಮತ್ತೆ ಕಾಯುತ್ತದೆ. ಹೋಗುವ ದಾರಿಯಲ್ಲೂ ನೀಲಿ, ಬರುವ ದಾರಿಯಲ್ಲೂ ನೀಲಿ.

‘ಬೆಳಕಿನ ಏರಿಳಿತ ಬರಿ ಮೇಲ್ಮೈಯ ಗದ್ದಲ’ ಎಂಬುದು ಎರಡನೆಯದು. ಒಂದಷ್ಟು ಗದ್ದಲ ಇರುವುದು ನಿಜ. ಆದರೆ ‘ಮೋಸ್ಟ್’ ಉಪಗ್ರಹ 28 ದಿನ ರೀಗೆಲ್ಲನ್ನು ದಿಟ್ಟಿಸಿದ ದಾಖಲೆಯನ್ನೂ ಆರು ವರ್ಷಗಳ ರೋಹಿತ ಮಾಪನವನ್ನೂ ಒಟ್ಟಿಗೆ ವಿಶ್ಲೇಷಿಸಿದ 2012ರ ಅಧ್ಯಯನಕ್ಕೆ 19 ಕಂಪನಗಳು ಸಿಕ್ಕವು. ಅವುಗಳ ಅವಧಿ 1.22 ದಿನದಿಂದ 74.7 ದಿನದವರೆಗೆ. ಇದರ ಅರ್ಥ ತಿಳಿಯಲು ಒಲೆಯ ಮೇಲಿನ ಅನ್ನದ ಪಾತ್ರೆ ನೋಡಿ. ಭಾರದ ಮುಚ್ಚಳ ಆವಿಗೆ ಜಗ್ಗುವುದಿಲ್ಲ. ಅಷ್ಟೇ ಆವಿಗೆ ಹಗುರ ಮುಚ್ಚಳ ತಕತಕ ಕುಣಿಯುತ್ತದೆ. ಬೆಳಕು ಆವಿಯಾದರೆ ದ್ರವ್ಯರಾಶಿ ಮುಚ್ಚಳ. ಇಡೀ ನಕ್ಷತ್ರ ಉಬ್ಬಿ ಕುಗ್ಗುವ ಬಗೆಯ ಮಿಡಿತ, ಕೆಂಪು ಹಂತದಲ್ಲಿ ದ್ರವ್ಯ ಕಳೆದುಕೊಂಡು ಮರಳಿದ ಮಾದರಿಗಳಲ್ಲಿ ಮಾತ್ರ ಎದ್ದಿತೆಂದು ಸಾಯೊ, ಜಾರ್ಜಿ, ಮೆನೆ 2013ರಲ್ಲಿ ಲೆಕ್ಕಹಾಕಿ ತೋರಿಸಿದರು. ಮೊದಲ ಸಲ ಕೆಂಪಿನತ್ತ ಹೊರಟ ತುಂಬುಭಾರದ ಮಾದರಿಗಳು ಹಾಗೆ ಮಿಡಿಯಲಿಲ್ಲ.

ಮೂರನೆಯದು ಗಟ್ಟಿ ಆಕ್ಷೇಪ: ‘ಕೆಂಪಾಗಿ ಮರಳಿದ್ದರೆ ಒಳಗಿನ ನೈಟ್ರೋಜನ್ ಮೇಲೆ ಬಂದಿರಬೇಕಿತ್ತು; ರೀಗೆಲ್ ಮತ್ತು ಅದರಂಥದೇ ನೀಲಿ ಮಹಾದೈತ್ಯ ಡೆನೆಬ್‌ನಲ್ಲಿ ಅಷ್ಟು ಕಾಣುವುದಿಲ್ಲ.’ ಈ ತೊಡಕನ್ನು ಮೊದಲು ಬರೆದಿಟ್ಟವರೂ ಆ ಮೂವರೇ, ಅದೇ ಪ್ರಬಂಧದಲ್ಲಿ. ಆ ಲೆಕ್ಕದಲ್ಲಿ ಒಳಪದರಗಳು ಎಲ್ಲಿ ಕಲಸಿಕೊಳ್ಳುತ್ತವೆಂದು ನಿರ್ಧರಿಸಲು ಶ್ವಾರ್ಟ್ಸ್‌ಷೀಲ್ಡ್ ನಿಯಮ ಬಳಸಿದ್ದರು. ಅದು ಪದರದಿಂದ ಪದರಕ್ಕೆ ಧಾತುಗಳ ಪ್ರಮಾಣ ಬದಲಾಗುವುದನ್ನು ಗಣಿಸುವುದಿಲ್ಲ. ಅದನ್ನೂ ಗಣಿಸುವ ಲೆಡೂ ನಿಯಮವನ್ನು 2014ರಲ್ಲಿ ಬಳಸಿದಾಗ ನೈಟ್ರೋಜನ್ ಇಳಿದು ವೀಕ್ಷಣೆಗೆ ಹತ್ತಿರ ಬಂತು. ತಪ್ಪಿದ್ದು ಕಲಸುವಿಕೆಯ ಲೆಕ್ಕ. ಮರಳಿ ಬಂದ ಕಥೆಯಲ್ಲ.

ಕೊನೆಯದು: ‘1987ಎ ಸೂಪರ್‌ನೋವಾವನ್ನು ಸಾಕ್ಷಿಗೆ ಕರೆಯಬೇಡಿ, ಅದು ಎರಡು ನಕ್ಷತ್ರಗಳು ಕೂಡಿ ಆದದ್ದು.’ ಅದರ ಸುತ್ತಲಿನ ಮೂರು ಉಂಗುರಗಳಿಗೆ ಆ ವಿವರಣೆ ಚೆನ್ನಾಗಿ ಹೊಂದುತ್ತದೆ, ಒಪ್ಪುತ್ತೇನೆ. ಅದನ್ನು ರೀಗೆಲ್‌ನ ಪರವಾಗಿ ಹೂಡುತ್ತಲೂ ಇಲ್ಲ. ಆದರೆ ದೊಡ್ಡ ಮೆಗಲನ್ ಮೋಡದಲ್ಲಿ ಸಿಡಿದ ಆ ನಕ್ಷತ್ರ, ಸ್ಯಾಂಡುಲೀಕ್ −69 202, ಕೊನೆಯುಸಿರಿನಲ್ಲೂ ನೀಲಿಯಾಗಿತ್ತು. ನೀಲಿಯೆಂದರೆ ಎಳೆತನ ಎಂಬ ಮೊದಲ ಆಕ್ಷೇಪ ಬೀಳಲು ಅಷ್ಟು ಸಾಕು.

ಎಲ್ಲ ನೀಲಿ ಮಹಾದೈತ್ಯಗಳೂ ಮರಳಿ ಬಂದವೆಂದು ನಾನು ಹೇಳಿಲ್ಲ. ಒಪ್ಪದವರಲ್ಲಿ ನನ್ನದು ಒಂದೇ ಕೋರಿಕೆ: ದ್ರವ್ಯ ಕಳೆದುಕೊಳ್ಳದ, ತುಂಬುಭಾರದ ನೀಲಿ ನಕ್ಷತ್ರವೊಂದು ರೀಗೆಲ್‌ನಂತೆ ಮಿಡಿಯುವುದನ್ನು ಲೆಕ್ಕದಲ್ಲಿ ತೋರಿಸಿ. ಅದನ್ನು ತೋರಿಸಿದ ದಿನ ನಾನೇ ಈ ನಿಲುವನ್ನು ಬಿಟ್ಟುಕೊಡುತ್ತೇನೆ.