ಮಗ ಶಿಬಿರಕ್ಕೆ ಹೋದ ಐದು ದಿನ

ಶಿರಾ ಗೇಟ್‌ನಲ್ಲಿ ಮಗನನ್ನು ಬಸ್ಸು ಹತ್ತಿಸಿ ಮನೆಗೆ ಬಂದವಳು ಇನ್ನೂ ಬುರ್ಖಾ ತೆಗೆದಿರಲಿಲ್ಲ, ಆಗಲೇ ಫೋನು ಕೈಗೆ ಬಂದಿತ್ತು. ಆರನೇ ತರಗತಿಯ ಹುಡುಗ. ಸ್ಕೌಟ್ ಸಮವಸ್ತ್ರ, ಬೆನ್ನಿಗೆ ಅವನಿಗಿಂತ ದೊಡ್ಡ ಚೀಲ. ಹೊರಟಿದ್ದು ಹರಿಹರ ತಾಲೂಕಿನ ಕೊಂಡಜ್ಜಿಯ ಬೇಸಿಗೆ ಶಿಬಿರಕ್ಕೆ. ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆ, ಅಲ್ಲಿಂದ ಇನ್ನೂ ಸ್ವಲ್ಪ ದೂರ.

ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಹಾಗಾಗಿ ನಾನು ಮೇಷ್ಟ್ರಿಗೇ ಫೋನ್ ಮಾಡಿದೆ. ಹಿರಿಯೂರು ಬಂತೇ? ಊಟ ಮಾಡಿದನೇ? ನಾಲ್ಕನೇ ಕರೆಗೆ ಅವರು, "ಮೇಡಂ, ನೀವೂ ಟೀಚರ್ ಅಲ್ಲವೇ?" ಎಂದರು. ನಾಚಿಕೆಯಾಯಿತು.

ಆದರೂ ರಾತ್ರಿ ಒಂಬತ್ತಕ್ಕೆ ಮತ್ತೆ ಮಾಡಿ, ಮಗನಿಗೆ ಕೊಡಿ ಎಂದೆ. ಅದುವರೆಗೆ ಗೆಳೆಯರೊಂದಿಗೆ ನಗುತ್ತಿದ್ದನಂತೆ. ನನ್ನ ದನಿ ಕೇಳಿದ್ದೇ "ಅಮ್ಮೀ" ಎಂದವನು ಬಿಕ್ಕತೊಡಗಿದ. ನಾನಾದರೂ ಸುಮ್ಮನಿರಬೇಕಿತ್ತು. "ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಬೇಟಾ, ನಿನ್ನ ತಂಗಿ ಅನ್ನ ಮುಟ್ಟಿಲ್ಲ" ಎಂದುಬಿಟ್ಟೆ. ಪ್ರೀತಿಯಿಂದಲೇ ಆಡಿದ ಮಾತು. ಆದರೆ ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಇಡೀ ಮನೆಯ ದುಃಖ ಹೊರಿಸಿದಂತಾಯಿತು. ಮಕ್ಕಳಿಗೆ ಮನೆಯ ನೆನಪು ಹೆಚ್ಚು ಕಾಡುವುದು ಮಲಗುವ ಹೊತ್ತಿನಲ್ಲಿ. ನಾನು ಸರಿಯಾಗಿ ಅದೇ ಹೊತ್ತಿಗೆ ಕರೆ ಮಾಡಿದ್ದೆ!

ಸ್ಕೌಟ್‌ಗಳ ಮೊದಲ ಶಿಬಿರವನ್ನು ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದರು. ಸುಮಾರು ಇಪ್ಪತ್ತು ಹುಡುಗರು, ಸುತ್ತ ನೀರು. ಅವರ ತಾಯಂದಿರು ಆ ದಿನಗಳನ್ನು ಹೇಗೆ ಕಳೆದರೋ.

ಮೂಸಾ(ಅ)ರ ತಾಯಿಯ ವೃತ್ತಾಂತವನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಸೂರಃ ಅಲ್ ಕಸಸ್‌ನಲ್ಲಿದೆ. ಮಗುವನ್ನು ನೀರಿಗೆ ಬಿಟ್ಟ ಆ ತಾಯಿ ತಾವೇ ಅರಚುತ್ತಾ ದಡದಲ್ಲಿ ಓಡಲಿಲ್ಲ, ಮಗಳನ್ನು ಹಿಂದೆ ಕಳಿಸಿದರು. ಅವಳು ಯಾರಿಗೂ ತಿಳಿಯದಂತೆ ದೂರದಿಂದ ನೋಡುತ್ತಿದ್ದಳು. 'ದೂರದಿಂದ' ಎಂಬ ಆ ಒಂದು ಮಾತನ್ನು ಮಕ್ಕಳಿಗೆ ವಿವರಿಸದೆ ಮುಂದೆ ಹೋಗುತ್ತಿದ್ದೆ. ಅದು ನನಗೇ ಅರ್ಥವಾದದ್ದು ಆ ರಾತ್ರಿ.

ಮರುದಿನದಿಂದ ಮೇಷ್ಟ್ರೊಂದಿಗೆ ಒಂದು ಒಪ್ಪಂದವಾಯಿತು. ಸಂಜೆ ಅವರಿಂದ ಒಂದು ಸಂದೇಶ. ನನ್ನಿಂದ ಕರೆಯಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಕಳಿಸಿದೆವೆಂದು ತಿಳಿಯಬೇಡಿ. ಹೊರಡುವ ಮುನ್ನವೇ ನಮ್ಮಿಬ್ಬರ ಫೋನ್ ನಂಬರ್ ಬಾಯಿಪಾಠ ಮಾಡಿಸಿದ್ದೆ. ಮಕ್ಕಳ ಸಹಾಯವಾಣಿ 1098 ಕೂಡ. "ಅಮ್ಮಿಗೆ ಹೇಳಬೇಡ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ನನಗೆ ಹೇಳಬೇಕು" ಎಂದಿದ್ದೆ. ಇನ್ನೊಂದು ಗುಟ್ಟೂ ಇತ್ತು. "ಅಮ್ಮಿಯ ಕನ್ನಡಕ ಸಿಕ್ಕಿತಾ?" ಎಂದು ಅವನು ಕೇಳಿದರೆ, ನಾವು ಯಾವ ಪ್ರಶ್ನೆಯನ್ನೂ ಕೇಳದೆ ಮುಂದಿನ ಬಸ್ಸಿಗೆ ಹೊರಡುವುದು. ನಾನು ಕನ್ನಡಕ ಹಾಕುವುದೇ ಇಲ್ಲ. "ಸಣ್ಣ ಮಗುವಿಗೆ ಇದೆಲ್ಲ ಏಕಮ್ಮಾ ಹೇಳಿಕೊಡುತ್ತಿ?" ಎಂದು ಅತ್ತೆ ಬೇಸರಪಟ್ಟರು. 2012ರಲ್ಲಿ ಪೋಕ್ಸೋ ಕಾಯಿದೆ ಸುಮ್ಮನೆ ಬಂದಿಲ್ಲ ಎಂದೆ. ಅವರು ಒಪ್ಪಲಿಲ್ಲ, ಆದರೆ ಹುಡುಗನ ಚೀಲಕ್ಕೆ ಇನ್ನೊಂದು ಡಬ್ಬಿ ಚಕ್ಕುಲಿ ಸೇರಿಸಿದರು.

ಅದೇ ಚೀಲದಲ್ಲಿ ಮನೆಯ ವಿಳಾಸ ಬರೆದ ಮೂರು ಪೋಸ್ಟ್ ಕಾರ್ಡುಗಳನ್ನೂ ಇಟ್ಟಿದ್ದೆ. ಫೋನಿನಲ್ಲಿ ಅಳುವ ಹುಡುಗರು ಕಾಗದದಲ್ಲಿ ಅಳುವುದು ಕಡಿಮೆ. ಬರೆಯಲು ಕುಳಿತಾಗ ಏನು ನಡೆಯಿತೆಂದು ನೆನಪು ಮಾಡಿಕೊಳ್ಳಬೇಕಲ್ಲ!

ಐದನೇ ದಿನ ಹುಡುಗ ಬಂದ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು, ಒಂದು ಟವೆಲ್ ಕಳೆದಿತ್ತು. ಕಾರ್ಡು ಬಂದದ್ದು ಮೂರು ದಿನಗಳ ಮೇಲೆ. ಅಂಚೆಯಣ್ಣನ ಕೈಯಿಂದ ಅವನೇ ತೆಗೆದುಕೊಂಡು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದ: "ಅಮ್ಮಿ, ಅಸ್ಸಲಾಮು ಅಲೈಕುಂ. ನಾನು ಹನ್ನೊಂದು ಗಂಟು ಕಲಿತೆ. ನಿನ್ನೆ ಅತ್ತದ್ದು ತಂಗಿಗೆ ಹೇಳಬೇಡ."

ತಂಗಿ ಪಕ್ಕದಲ್ಲೇ ನಿಂತಿದ್ದಳು.