ಚಾಸಿ ನಂಬರ್ ಸರಿ, ಬ್ರೇಕ್ ನೋಡಿದವರು ಯಾರು?

ಹದಿನೈದು ವರ್ಷ ದಾಟಿದ ಬೈಕು ರಸ್ತೆಗೆ ಯೋಗ್ಯ ಎಂದು ಸರ್ಕಾರ ಐದು ವರ್ಷಕ್ಕೊಮ್ಮೆ ಬರೆದುಕೊಡುತ್ತದೆ. ಆ ಕಾಗದವನ್ನು ನಂಬಿ ಘಾಟಿ ಇಳಿಯುವ ಧೈರ್ಯ ನನಗಿಲ್ಲ. ನನ್ನಲ್ಲಿರುವುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ರೋಡ್‌ಕಿಂಗ್. ಕಾರ್ಖಾನೆ 1996ರಲ್ಲೇ ಮುಚ್ಚಿತು. ಆಂಧ್ರಪ್ರದೇಶ ಒಡೆದು ತೆಲಂಗಾಣವಾಯಿತು, ಹೊಸ ಗಾಡಿಗಳಿಗೆ ಮೊದಲು ಟಿಎಸ್ ಬಂತು, 2024ರಿಂದ ಟಿಜಿ ಬಂತು. ನನ್ನ ನಂಬರ್ ಪ್ಲೇಟಿನಲ್ಲಿ ಮಾತ್ರ ಇನ್ನೂ ಎಪಿ ಎಂದೇ ಇದೆ. ಹೈದರಾಬಾದಿನ ಕಾಚಿಗೂಡದ ಮನೆಯಿಂದ ಜಹೀರಾಬಾದ್ ಮೇಲೆ ಬೀದರಿಗೆ, ನಲ್ಲಮಲ ಕಾಡು ದಾಟಿ ಶ್ರೀಶೈಲಕ್ಕೆ ನಾನು ಹೋಗುವುದು ಇದರಲ್ಲೇ.

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಗಾಡಿಯನ್ನು ಆರ್‌ಟಿಎ ಕಚೇರಿಗೆ ತಂದು ತೋರಿಸಬೇಕು. ನಗರದ ಒಂದು ಕಚೇರಿಯಲ್ಲಿ ಕಳೆದ ಬಾರಿ ನಡೆದದ್ದು ಇಷ್ಟು: ಹ್ಯಾಂಡಲ್ ಕೆಳಗೆ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪ್ರಿಂಟನ್ನು ಆರ್‌ಸಿಯೊಂದಿಗೆ ತಾಳೆ ನೋಡಿದರು. ಎಂಜಿನ್ ನಂಬರ್ ನೋಡಿದರು. ಇನ್ಶೂರೆನ್ಸ್, ಪೊಲ್ಯೂಷನ್ ಸರ್ಟಿಫಿಕೇಟ್ ಕೇಳಿದರು. ಹಾರ್ನ್ ಒತ್ತಿಸಿದರು. ಸಹಿಯಾಯಿತು. ಅಷ್ಟೂ ಹೊತ್ತು ಗಾಡಿ ಸ್ಟ್ಯಾಂಡ್ ಮೇಲೆಯೇ ಇತ್ತು, ಚಕ್ರ ಒಂದು ಸುತ್ತೂ ತಿರುಗಲಿಲ್ಲ. ಗಾಡಿ ಕದ್ದದ್ದಲ್ಲ ಎಂಬುದು ಅದರಿಂದ ಖಾತ್ರಿಯಾಯಿತು. ಬ್ರೇಕ್ ಹಿಡಿದರೆ ನಿಲ್ಲುತ್ತದೆಯೇ ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ನಿಜವಾದ ತಪಾಸಣೆ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ಉಸ್ತಾದರ ಗ್ಯಾರೇಜಿನಲ್ಲಿ. ಅವರು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಮುಂದಿನ ಚಕ್ರ ಎತ್ತಿ, ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗುತ್ತಾರೆ. ಕಟ್ ಎಂದು ಕೈಗೆ ತಾಗಿದರೆ ಹ್ಯಾಂಡಲಿನ ಬೇರಿಂಗ್, ಅಂದರೆ ಕೋನ್ ಸೆಟ್, ಸವೆದಿದೆ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ ಸ್ವಿಂಗ್ ಆರ್ಮಿನ ಬುಶ್ ನೋಡುತ್ತಾರೆ. ಸ್ಪಾನರಿನಿಂದ ಒಂದೊಂದೇ ಸ್ಪೋಕ್ ತಟ್ಟುತ್ತಾರೆ: ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲಾದದ್ದು ದನಿಯನ್ನೇ ಕೊಡುವುದಿಲ್ಲ. ಟೈರಿನ ಪಕ್ಕದ ನಾಲ್ಕಂಕಿ ಓದುತ್ತಾರೆ. 3216 ಎಂದಿದ್ದರೆ ಅದು 2016ರ 32ನೇ ವಾರದ ಟೈರು, ಗೆರೆ ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಕೊನೆಗೆ ಬ್ರೇಕ್ ಡ್ರಮ್ ಬಿಚ್ಚಿ ಲೈನರ್ ಎಷ್ಟು ಉಳಿದಿದೆ ನೋಡುತ್ತಾರೆ. ಇಷ್ಟಕ್ಕೂ ದುಬಾರಿ ಯಂತ್ರವೇನೂ ಬೇಕಾಗಿಲ್ಲ.

ಇದು ಶೋಕಿಯ ಮಾತಲ್ಲ. ನನ್ನ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗೆ ಇಳಿಜಾರಿನಲ್ಲಿ ಎಂಜಿನ್ನಿನಿಂದ ಸಿಗುವ ತಡೆ ತೀರ ಕಡಿಮೆ. ಶ್ರೀಶೈಲದ ದಾರಿಯಲ್ಲಿ ಕೃಷ್ಣೆಯ ಅಣೆಕಟ್ಟಿನ ಕಡೆಗೆ ಸುತ್ತಿ ಸುತ್ತಿ ಇಳಿಯುವಾಗ ಹಿಂದೆ ಕೂತವರ ಭಾರ, ಸಾಮಾನಿನ ಭಾರ ಎಲ್ಲವೂ ಎರಡು ಡ್ರಮ್ ಬ್ರೇಕಿನ ಮೇಲೆಯೇ. ಡ್ರಮ್ ಕಾದರೆ ಹಿಡಿತ ಸಡಿಲಾಗುತ್ತದೆ. ಲೈನರ್ ಸವೆದ ಗಾಡಿಯೂ ಆರ್‌ಟಿಎ ಅಂಗಳದಲ್ಲಿ ಪಾಸಾಗಬಲ್ಲದು. ಆದರೆ ಈ ಇಳಿಜಾರಿನಲ್ಲಿ ಅದರ ಬಣ್ಣ ಬಯಲಾಗುತ್ತದೆ.

ನಮ್ಮ ವ್ಯವಸ್ಥೆ ಅಳತೆ ಮಾಡುವುದು ಹೊಗೆಯೊಂದನ್ನೇ. 2000ಕ್ಕಿಂತ ಹಳೆಯ ದ್ವಿಚಕ್ರ ವಾಹನ ಐಡ್ಲಿಂಗಿನಲ್ಲಿ ಉಗುಳುವ ಕಾರ್ಬನ್ ಮೊನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮೀರಬಾರದು. ಆರು ತಿಂಗಳಿಗೊಮ್ಮೆ ಪರೀಕ್ಷೆ. ಅದರಲ್ಲೂ ಕೊರತೆಗಳಿವೆ: ನನ್ನ ಗಾಡಿಯ ಜೋಡಿ ಸೈಲೆನ್ಸರಿನಲ್ಲಿ ಪರೀಕ್ಷೆಯ ನಳಿಗೆ ಹೋಗುವುದು ಒಂದಕ್ಕೆ ಮಾತ್ರ, ಎಂಜಿನ್ ಬಿಸಿಯಾಗಿದೆಯೇ ಎಂದು ಕೇಳುವವರಿಲ್ಲ. ಆದರೂ ಅಲ್ಲಿ ಒಂದು ಅಂಕಿ ಇದೆ, ಒಂದು ಮಿತಿ ಇದೆ. ಬ್ರೇಕನ್ನು ಅಷ್ಟೂ ಅಳೆಯುವವರಿಲ್ಲ.

ನಿಯಮ ಬರೆಯಲು ಬಾರದವರೇನಲ್ಲ ನಾವು. ಸಾರಿಗೆ ವಾಹನಗಳ ಫಿಟ್‌ನೆಸ್‌ಗೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 62ನೇ ನಿಯಮದಲ್ಲಿ ಹೆಡ್‌ಲೈಟಿನಿಂದ ಬ್ರೇಕ್, ಸ್ಟಿಯರಿಂಗ್‌ವರೆಗೆ ಪಟ್ಟಿಯೇ ಇದೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮ 2021ರಲ್ಲಿ ಬಂತು; ಕಡ್ಡಾಯ ಶುರುವಾದದ್ದು ಭಾರಿ ಸಾರಿಗೆ ವಾಹನಗಳಿಂದ. ಲಾರಿ, ಬಸ್ಸು ಮೊದಲು ಎಂಬುದು ಸರಿ. ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಅವರೆಲ್ಲ ಬ್ರೇಕ್ ಕೈಕೊಟ್ಟು ಸತ್ತರು ಎಂದು ಹೇಳಲಾರೆ; ಅತಿವೇಗ, ಹೆಲ್ಮೆಟ್ ಇಲ್ಲದಿರುವುದು, ಹದಗೆಟ್ಟ ರಸ್ತೆ, ಕಾರಣಗಳು ಹಲವಿವೆ. ಬ್ರೇಕನ್ನು ನೋಡದೇ ಬಿಡಲು ಮಾತ್ರ ಅದು ನೆಪವಾಗಬಾರದು.

ಈ ನಡುವೆ ಏರಿದ್ದು ಶುಲ್ಕ. ಬೈಕಿನ ನವೀಕರಣಕ್ಕೆ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಬೈಕಿಗೆ 2,000 ಎಂದಾಯಿತು. ಗ್ರೀನ್ ಟ್ಯಾಕ್ಸ್ ಬೇರೆ. ಹೆಚ್ಚು ಕಟ್ಟಿದವನಿಗೆ ಹೆಚ್ಚಿನ ತಪಾಸಣೆಯಾದರೂ ಸಿಗಬೇಡವೇ? ದೆಹಲಿಯಲ್ಲಂತೂ ಹಸಿರು ನ್ಯಾಯಮಂಡಳಿಯ 2015ರ ಆದೇಶ, ಸುಪ್ರೀಂ ಕೋರ್ಟಿನ 2018ರ ಆದೇಶಗಳಿಂದ ಹದಿನೈದು ವರ್ಷದ ಪೆಟ್ರೋಲ್ ಗಾಡಿಗೆ ವಯಸ್ಸೇ ಅಪರಾಧವಾಯಿತು. ಮೂರು ವರ್ಷದ ಗಾಡಿಯ ಬ್ರೇಕೂ ಸವೆದಿರಬಹುದು, ಮೂವತ್ತು ವರ್ಷದ್ದು ಗಟ್ಟಿಮುಟ್ಟಾಗಿಯೂ ಇರಬಹುದು. ಪರೀಕ್ಷೆ ನಂಬಿಕೆಗೆ ಅರ್ಹವಾಗಿದ್ದರೆ ವಯಸ್ಸು ಕೇಳುವ ಅಗತ್ಯವೇ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಬೈಕಿಗೆ ಪ್ರತಿವರ್ಷ ಎಂಒಟಿ ಪರೀಕ್ಷೆ. ದೋಷವನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಎಂದು ವಿಂಗಡಿಸಿ ಬರೆದುಕೊಡುತ್ತಾರೆ. ಗಾಡಿಯ ನಂಬರ್ ಹಾಕಿದರೆ ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಇದೇನೂ ನಮ್ಮ ಕೈಗೆ ಎಟುಕದ ಕೆಲಸವಲ್ಲ.

ಕಟ್ಟುನಿಟ್ಟು ಮಾಡಿದರೆ ಏಜೆಂಟರ ಜೇಬು ತುಂಬುತ್ತದೆ, ಹಳೆಯ ಗಾಡಿಯಲ್ಲಿ ಹಾಲು, ತರಕಾರಿ ಸಾಗಿಸುವವರ ಹೊಟ್ಟೆಗೆ ಕಲ್ಲು ಬೀಳುತ್ತದೆ ಎನ್ನುವವರಿದ್ದಾರೆ. ಆ ಭಯಕ್ಕೆ ಕಾರಣವಿದೆ. ಅದಕ್ಕೇ ತೀರ್ಪು ಕಣ್ಣಂದಾಜಿನಲ್ಲಿ ಆಗಬಾರದು. ರೋಲರ್ ಮೇಲೆ ಮುಂದಿನ, ಹಿಂದಿನ ಬ್ರೇಕಿನ ಬಲ ಅಳೆದು ಅಂಕಿ ಮುದ್ರಿಸಿದರೆ ಅದನ್ನು ಏಜೆಂಟ್ ತಿದ್ದಲಾರ. ಕಿಕ್ಕರೇ ಗೇರ್ ಲಿವರ್ ಆಗುವ ಯೆಜ್ಡಿಯನ್ನು ಕಂಡೇ ಇರದ ಯುವ ಇನ್‌ಸ್ಪೆಕ್ಟರಿಗೂ ಆ ಅಂಕಿ ನೆರವಾಗುತ್ತದೆ. ಬೆಳಗಿನಿಂದ ಸಾಲು ಸಾಲು ಗಾಡಿ ನೋಡಬೇಕಾದ ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ.

ತೆಲಂಗಾಣ ಸರ್ಕಾರ ನಾಲ್ಕು ಕೆಲಸ ಮಾಡಲಿ. ಪ್ರತಿ ಆರ್‌ಟಿಎ ಕಚೇರಿಯಲ್ಲಿ ದ್ವಿಚಕ್ರ ವಾಹನಕ್ಕೆಂದೇ ಬ್ರೇಕ್ ರೋಲರ್ ಕೂರಿಸಲಿ. ಟೈರು, ಕೋನ್ ಸೆಟ್, ಸ್ಪೋಕ್, ದೀಪಗಳ ಪಟ್ಟಿಯೊಂದನ್ನು ತೆಲುಗು, ಉರ್ದು, ಇಂಗ್ಲಿಷಿನಲ್ಲಿ ಮುದ್ರಿಸಿ, ಪಾಸೋ ಫೇಲೋ, ಕಾರಣ ಬರೆದು ಮಾಲೀಕನ ಕೈಗೆ ಕೊಡಲಿ. ರಿಪೇರಿ ಮಾಡಿಸಿ ತಂದವನಿಗೆ ಮರುಪರೀಕ್ಷೆ ಉಚಿತವಾಗಿರಲಿ. ಹದಿನೈದು ದಾಟಿದ ಗಾಡಿಗೆ ನೋಂದಣಿ ಐದು ವರ್ಷಕ್ಕಿದ್ದರೂ ಈ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯಲಿ, ಏಕೆಂದರೆ ಬ್ರೇಕ್ ಲೈನರ್ ಐದು ವರ್ಷ ಕಾಯುವುದಿಲ್ಲ. ಗಡಿಯಾಚೆಯ ಕರ್ನಾಟಕದ ಆರ್‌ಟಿಒಗಳಿಗೂ ಇದೇ ಬೇಡಿಕೆ. ಇಂಥ ಪರೀಕ್ಷೆಯಲ್ಲಿ ನನ್ನ ರೋಡ್‌ಕಿಂಗ್ ಫೇಲಾದರೆ ಅದನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋಗುತ್ತೇನೆ, ಬರೆದುಕೊಟ್ಟವರಿಗೆ ಋಣಿಯಾಗಿರುತ್ತೇನೆ.